ಚಿತ್ರದ ಕೆಳಗಿನ ದಾಖಲೆ: ಮ್ಯೂಸಿಯಂಗಳ ಆನ್‌ಲೈನ್ ಸಂಗ್ರಹಗಳನ್ನು ಸಂಶೋಧಕನ ಕಣ್ಣಿನಿಂದ ನೋಡಿದಾಗ

ಕಲೆಯ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಇಂದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತಿರುವ ಸೇವೆ ಯಾವುದೆಂದು ಯಾರಾದರೂ ಕೇಳಿದರೆ, ದೊಡ್ಡ ಮ್ಯೂಸಿಯಂಗಳು ತಮ್ಮ ಸಂಗ್ರಹಗಳನ್ನು ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿರುವುದೇ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಒಂದು ಕೃತಿಯ ಒಳ್ಳೆಯ ಛಾಯಾಚಿತ್ರ ಬೇಕಾದರೆ ಮ್ಯೂಸಿಯಂಗೆ ಪತ್ರ ಬರೆದು, ಶುಲ್ಕ ಕಟ್ಟಿ, ಅದು ಕೈಸೇರುವವರೆಗೆ ಬರವಣಿಗೆಯನ್ನು ತಡೆಹಿಡಿಯಬೇಕಾಗಿದ್ದ ಕಾಲವನ್ನು ಬಲ್ಲವರಿಗೆ ಈ ಬದಲಾವಣೆಯ ಬೆಲೆ ಗೊತ್ತಿದೆ. ಆದರೆ ಈ ಸೇವೆಗಳನ್ನು ಹೊಗಳುವ ಬರಹಗಳು ಸಾಮಾನ್ಯವಾಗಿ ಚಿತ್ರಗಳ ಸೊಗಸು, ಸ್ಪಷ್ಟತೆ, ಸಂಖ್ಯೆ ಇವುಗಳ ಬಳಿಯೇ ನಿಂತುಬಿಡುತ್ತವೆ. ಸಂಶೋಧನೆಯ ಕೆಲಸಕ್ಕೆ ಬೇಕಾಗುವುದು ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ದಾಖಲೆ: ವಸ್ತುವಿನ ಅಳತೆ, ನೋಂದಣಿ ಸಂಖ್ಯೆ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಒಡೆತನದ ಇತಿಹಾಸ, ಹಿಂದಿನ ವಿದ್ವಾಂಸರು ಅದರ ಬಗ್ಗೆ ಎಲ್ಲಿ ಏನು ಬರೆದಿದ್ದಾರೆಂಬ ವಿವರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಹಾಗೂ ‘ಡಿಜಿಟಲ್ ಬೆನಿನ್’ ಎಂಬ ಜಂಟಿ ಯೋಜನೆ, ಈ ನಾಲ್ಕನ್ನು ಆ ಅಳತೆಗೋಲಿನಿಂದಲೇ ಇಲ್ಲಿ ನೋಡಿದ್ದೇನೆ.

ಮೆಟ್ರೊಪಾಲಿಟನ್ ಮ್ಯೂಸಿಯಂ (ಚಿಕ್ಕದಾಗಿ ‘ಮೆಟ್’) 2017ರ ಫೆಬ್ರವರಿಯಲ್ಲಿ ಒಂದು ದಿಟ್ಟ ಹೆಜ್ಜೆ ಇಟ್ಟಿತು. ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳ ಸುಮಾರು 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದ ‘ಸಿಸಿ ಝೀರೊ’ ಪರವಾನಗಿಯಡಿ ಬಿಡುಗಡೆ ಮಾಡಿತು. ಯಾರು ಬೇಕಾದರೂ ಅವುಗಳನ್ನು ಇಳಿಸಿಕೊಳ್ಳಬಹುದು, ಪುಸ್ತಕದಲ್ಲಿ ಅಚ್ಚು ಹಾಕಬಹುದು, ಆ ಪುಸ್ತಕವನ್ನು ಮಾರಲೂಬಹುದು. ಮರುವರ್ಷ ತಂತ್ರಾಂಶಗಳ ಮೂಲಕ ನೇರವಾಗಿ ದತ್ತಾಂಶ ಪಡೆಯುವ ವ್ಯವಸ್ಥೆಯೂ ಬಂತು. ಇಂದು 4,70,000ಕ್ಕೂ ಹೆಚ್ಚು ಕೃತಿಗಳ ಮಾಹಿತಿ ಅದರ ಮೂಲಕ ದೊರೆಯುತ್ತದೆ. ಒಂದು ಶತಮಾನದ ಕಂಚಿನ ಶಿಲ್ಪಗಳನ್ನೆಲ್ಲ ಒಟ್ಟಿಗೆ ಪಟ್ಟಿ ಮಾಡಬೇಕೆನ್ನುವ ಅಥವಾ ಒಬ್ಬ ದಾನಿಯಿಂದ ಬಂದ ವಸ್ತುಗಳನ್ನೆಲ್ಲ ಹುಡುಕಬೇಕೆನ್ನುವ ಸಂಶೋಧಕನಿಗೆ, ಪುಟದಿಂದ ಪುಟಕ್ಕೆ ಅಲೆಯದೆ ಇಡೀ ಕೋಷ್ಟಕವನ್ನೇ ತನ್ನ ಗಣಕಕ್ಕೆ ಇಳಿಸಿಕೊಂಡು ವಿಂಗಡಿಸುವ ಅವಕಾಶ ಇಲ್ಲಿದೆ. ಮ್ಯೂಸಿಯಂ ತಾನೇ ಪ್ರಕಟಿಸಿದ ಹಳೆಯ ಪ್ರದರ್ಶನ ಕ್ಯಾಟಲಾಗುಗಳಲ್ಲಿ ನೂರಾರನ್ನು ಪೂರ್ಣಪಾಠದಲ್ಲಿ ಉಚಿತವಾಗಿ ಓದಲು ಬಿಟ್ಟಿರುವುದೂ ಸಣ್ಣ ಉಪಕಾರವಲ್ಲ.

ಮೆಟ್‌ನ ಒಂದು ವಸ್ತುಪುಟವನ್ನು ಓದುವುದೂ ಕಲಿಯಬೇಕಾದ ವಿದ್ಯೆಯೇ. ನೋಂದಣಿ ಸಂಖ್ಯೆಯ ಮೊದಲ ಭಾಗ ವಸ್ತು ಮ್ಯೂಸಿಯಂ ಸೇರಿದ ವರ್ಷವನ್ನು ಹೇಳುತ್ತದೆ; 1987 ಎಂದು ಆರಂಭವಾದರೆ ಅದು ಆ ವರ್ಷ ಬಂದದ್ದು. ಅದರ ಹತ್ತಿರದಲ್ಲೇ ‘ಕ್ರೆಡಿಟ್ ಲೈನ್’ ಎಂಬ ಸಾಲು ಇರುತ್ತದೆ, ಅಲ್ಲಿ ‘ರಾಜರ್ಸ್ ಫಂಡ್’ ಎಂಬ ಹೆಸರು ಮತ್ತೆಮತ್ತೆ ಕಣ್ಣಿಗೆ ಬೀಳುತ್ತದೆ. ರೈಲು ಎಂಜಿನ್ ತಯಾರಕ ಜೇಕಬ್ ರಾಜರ್ಸ್ 1901ರಲ್ಲಿ ತೀರಿಕೊಂಡಾಗ ಮ್ಯೂಸಿಯಂಗೆ ಬಿಟ್ಟುಹೋದ ಹಣದಿಂದ ಆ ವಸ್ತುವನ್ನು ಕೊಳ್ಳಲಾಯಿತು ಎಂದಷ್ಟೇ ಅದರ ಅರ್ಥ. ವಸ್ತು ಎಲ್ಲಿಂದ ಬಂತು, ಯಾರು ಮಾರಿದರು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಹೊಸದಾಗಿ ಸಂಶೋಧನೆಗೆ ಇಳಿದವರು ಕ್ರೆಡಿಟ್ ಲೈನನ್ನೇ ಒಡೆತನದ ಇತಿಹಾಸವೆಂದು ಉಲ್ಲೇಖಿಸಿದ ಬರಹಗಳನ್ನು ನಾನು ಓದಿದ್ದೇನೆ. ಒಡೆತನದ ಇತಿಹಾಸಕ್ಕೆ ಪ್ರತ್ಯೇಕ ವಿಭಾಗವಿದೆ. ಪುಟವನ್ನು ಇನ್ನಷ್ಟು ಕೆಳಗೆ ಸರಿಸಿ ಅದನ್ನು ತೆರೆಯಬೇಕು.

ಆ ವಿಭಾಗದಲ್ಲಿ ವಿರಾಮಚಿಹ್ನೆಗಳೂ ಮಾತಾಡುತ್ತವೆ. ಅಮೆರಿಕದ ಮ್ಯೂಸಿಯಂಗಳ ಸಂಘ 2001ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಇಬ್ಬರು ಒಡೆಯರ ನಡುವೆ ಅರ್ಧವಿರಾಮ ಇದ್ದರೆ ವಸ್ತು ಮೊದಲನೆಯವರಿಂದ ಎರಡನೆಯವರಿಗೆ ನೇರವಾಗಿ ಹೋಯಿತೆಂದು ತಿಳಿಯಬೇಕು. ಪೂರ್ಣವಿರಾಮ ಇದ್ದರೆ ನಡುವೆ ಏನಾಯಿತೆಂಬುದಕ್ಕೆ ಆಧಾರವಿಲ್ಲ ಎಂದು ತಿಳಿಯಬೇಕು. ಚೌಕ ಆವರಣದೊಳಗಿನ ಹೆಸರು ವ್ಯಾಪಾರಿಯದು. ಆಸ್ತಿ ಕೊಳ್ಳುವವರು ಮೂಲಪತ್ರಗಳ ಸರಣಿಯಲ್ಲಿ ಎಲ್ಲಿ ಕೊಂಡಿ ಕಳಚಿದೆ ಎಂದು ನೋಡುವ ಹಾಗೆಯೇ, ಕಲಾಕೃತಿಯ ದಾಖಲೆಯಲ್ಲೂ ಆ ಒಂದು ಚುಕ್ಕಿಯನ್ನು ಹುಡುಕಬೇಕು. 1933ರಿಂದ 1945ರ ನಡುವೆ ಯುರೋಪಿನಲ್ಲಿ ಕೈಬದಲಾದ ಚಿತ್ರವಾಗಿದ್ದರೆ ನಾಜಿಗಳು ಕಿತ್ತುಕೊಂಡದ್ದೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ನಾಜಿಗಳು ಕಿತ್ತುಕೊಂಡ ಕಲಾಕೃತಿಗಳ ಬಗ್ಗೆ ಹಲವು ದೇಶಗಳು ಒಪ್ಪಿಕೊಂಡ 1998ರ ವಾಷಿಂಗ್ಟನ್ ತತ್ತ್ವಗಳು ಮ್ಯೂಸಿಯಂಗಳನ್ನು ಈ ಹುಡುಕಾಟಕ್ಕೆ ಹಚ್ಚಿದವು. ಪುರಾತನ ಶಿಲ್ಪವಾಗಿದ್ದರೆ, ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೊ ಒಪ್ಪಂದದ ವರ್ಷವಾದ 1970ಕ್ಕೆ ಮೊದಲು ಅದು ತನ್ನ ದೇಶವನ್ನು ಬಿಟ್ಟಿತ್ತೇ ಎಂಬ ಪ್ರಶ್ನೆ.

ತುಂಬಿದ ದಾಖಲೆಯೆಲ್ಲ ಸತ್ಯವಾದ ದಾಖಲೆಯಲ್ಲ ಎಂಬುದಕ್ಕೂ ಮೆಟ್‌ನಲ್ಲೇ ನಿದರ್ಶನವಿದೆ. ನೆಜೆಮಾಂಖ್ ಎಂಬ ಪುರೋಹಿತನ ಚಿನ್ನದ ಲೇಪದ ಶವಪೆಟ್ಟಿಗೆಯನ್ನು ಮ್ಯೂಸಿಯಂ 2017ರಲ್ಲಿ ಸುಮಾರು 40 ಲಕ್ಷ ಡಾಲರ್ ಕೊಟ್ಟು ಕೊಂಡಿತು, ಅದನ್ನೇ ಕೇಂದ್ರವಾಗಿಟ್ಟು ಪ್ರದರ್ಶನವನ್ನೂ ನಡೆಸಿತು. ಈಜಿಪ್ಟಿನಿಂದ ಅದನ್ನು ಹೊರತರಲು 1971ರಲ್ಲಿ ಅನುಮತಿ ಸಿಕ್ಕಿತ್ತೆಂಬ ಪತ್ರ ಜೊತೆಗಿತ್ತು. ಪತ್ರ ಖೋಟಾ ಆಗಿತ್ತು, ಪೆಟ್ಟಿಗೆ 2011ರಲ್ಲಿ ಕಳವಾದದ್ದಾಗಿತ್ತು. 2019ರಲ್ಲಿ ಅದು ಈಜಿಪ್ಟಿಗೆ ಮರಳಿತು. ಈ ಪ್ರಕರಣದಿಂದ ನಾನು ತೆಗೆದುಕೊಂಡ ನಿಲುವು ಇಷ್ಟು: ಆನ್‌ಲೈನ್ ದಾಖಲೆ ಒಡೆಯರ ಹೆಸರುಗಳನ್ನು ಕೊಟ್ಟರೆ ಸಾಲದು, ಪ್ರತಿಯೊಂದು ಕೊಂಡಿಗೂ ಆಧಾರ ಯಾವುದೆಂಬುದನ್ನೂ ಕೊಡಬೇಕು. ಹರಾಜಿನ ಕ್ಯಾಟಲಾಗೇ, ಕುಟುಂಬದ ಪತ್ರವೇ, ಮಾರಾಟಗಾರನ ಬಾಯಿಮಾತೇ ಎಂಬುದು ಓದುಗನಿಗೆ ಕಾಣಬೇಕು. ಮೆಟ್‌ನ ಯುರೋಪಿನ ಚಿತ್ರಕಲಾ ವಿಭಾಗ ಈ ವಿಷಯದಲ್ಲಿ ಬಹುಮಟ್ಟಿಗೆ ಮಾದರಿಯಾಗಿದೆ. ಅಲ್ಲಿನ ಒಂದು ಮುಖ್ಯ ಚಿತ್ರದ ಪುಟ ಒಡೆತನ, ಪ್ರದರ್ಶನಗಳು, ಗ್ರಂಥಋಣ, ತಾಂತ್ರಿಕ ಟಿಪ್ಪಣಿ ಎಲ್ಲ ಸೇರಿ ಒಂದು ಕಿರು ಪ್ರಬಂಧದಷ್ಟು ದೊಡ್ಡದು. ಅದೇ ಸೂರಿನಡಿ ಬೇರೆ ವಿಭಾಗಗಳ ಸಾವಿರಾರು ವಸ್ತುಗಳಿಗೆ ಎರಡು ಸಾಲಿನ ವಿವರಣೆಯೂ ಇಲ್ಲ. ಸೇವೆಯ ಗುಣಮಟ್ಟ ವಿಭಾಗದಿಂದ ವಿಭಾಗಕ್ಕೆ ಇಷ್ಟು ಏರಿಳಿಯುತ್ತದೆ ಎಂಬುದನ್ನು ಬಳಸುವವರು ಮೊದಲೇ ತಿಳಿದಿರಬೇಕು.

ರೈಕ್ಸ್‌ಮ್ಯೂಸಿಯಂ ತನ್ನ ಸಂಗ್ರಹವನ್ನು ತೆರೆದದ್ದರ ಹಿಂದೆ ಒಂದು ಚಿಕ್ಕ ಚಿತ್ರದ ಕಥೆಯಿದೆ. ವರ್ಮೀರ್ ಸುಮಾರು 1660ರಲ್ಲಿ ರಚಿಸಿದ, ಹಾಲು ಸುರಿಯುತ್ತಿರುವ ಸೇವಕಿಯ ತೈಲಚಿತ್ರ ಕೇವಲ 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲದ್ದು. ಅಂತರಜಾಲದಲ್ಲಿ ಅದರ ಕಳಪೆ ನಕಲುಗಳು, ಬಹುತೇಕ ಹಳದಿಗೆ ತಿರುಗಿದವು, ಹತ್ತು ಸಾವಿರಕ್ಕೂ ಹೆಚ್ಚು ಹರಡಿಕೊಂಡಿದ್ದವು. ಮ್ಯೂಸಿಯಂ ಅಂಗಡಿಗೆ ಬಂದವರು ಅಲ್ಲಿನ ಸರಿಯಾದ ಬಣ್ಣದ ಪೋಸ್ಟ್‌ಕಾರ್ಡನ್ನೇ ನಂಬಲೊಲ್ಲದ ಸ್ಥಿತಿ ಬಂತು. ಕೆಟ್ಟ ನಕಲಿಗೆ ಮದ್ದು ಒಳ್ಳೆಯ ಮೂಲವನ್ನು ಬಿಟ್ಟುಕೊಡುವುದೇ ಎಂದು ಮ್ಯೂಸಿಯಂ ನಿರ್ಧರಿಸಿತು. ಈ ಅನುಭವವನ್ನು 2011ರಲ್ಲಿ, ಯುರೋಪಿನ ಸಾಂಸ್ಕೃತಿಕ ಸಂಗ್ರಹಗಳನ್ನು ಅಂತರಜಾಲದಲ್ಲಿ ಒಂದೆಡೆ ತರುವ ‘ಯುರೋಪಿಯಾನಾ’ ಸಂಸ್ಥೆ ತನ್ನ ವರದಿಯೊಂದರಲ್ಲಿ ದಾಖಲಿಸಿದ ಮೇಲೆ ಬೇರೆ ಮ್ಯೂಸಿಯಂಗಳಿಗೂ ಅದೊಂದು ವಾದವಾಗಿ ಒದಗಿತು. 2012ರಲ್ಲಿ 1,25,000 ಚಿತ್ರಗಳೊಂದಿಗೆ ಆರಂಭವಾದ ರೈಕ್ಸ್‌ಮ್ಯೂಸಿಯಂನ ಸೇವೆಯಲ್ಲಿ ಇಂದು ಅದರ ಹಲವು ಪಟ್ಟು ವಸ್ತುಗಳಿವೆ.

ಅದೇ ಚಿತ್ರದ ದಾಖಲೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೋಂದಣಿ ಸಂಖ್ಯೆ ‘ಎಸ್‌ಕೆ-ಎ-2344’. ವರ್ಮೀರ್ ತೀರಿಕೊಂಡದ್ದು 1675ರಲ್ಲಿ. ಆಮ್‌ಸ್ಟರ್‌ಡ್ಯಾಮಿನಲ್ಲಿ 1696ರ ಮೇ 16ರಂದು ನಡೆದ ಡಿಸಿಯಸ್ ಹರಾಜಿನಲ್ಲಿ ಈ ಚಿತ್ರ 175 ಗಿಲ್ಡರುಗಳಿಗೆ (ಅಂದಿನ ಡಚ್ ನಾಣ್ಯ) ಹೋಯಿತು. ಅಲ್ಲಿದ್ದ ವರ್ಮೀರನ ಚಿತ್ರಗಳಲ್ಲಿ ಅದಕ್ಕಿಂತ ಹೆಚ್ಚು ಬೆಲೆ ಬಂದದ್ದು ಡೆಲ್ಫ್ಟ್ ನಗರದ ನೋಟಕ್ಕೆ ಮಾತ್ರ, 200 ಗಿಲ್ಡರ್. 1813ರಲ್ಲಿ ಲುಕ್ರೇಷಿಯಾ ವಾನ್ ವಿಂಟರ್ ಎಂಬ ಮಹಿಳೆಗಾಗಿ ಅದನ್ನು ಕೊಂಡಾಗ ಬೆಲೆ 2,125 ಗಿಲ್ಡರ್. ಆಕೆಯ ಮದುವೆಯ ಮೂಲಕ ಅದು ಸಿಕ್ಸ್ ಮನೆತನಕ್ಕೆ ಸೇರಿ, 1908ರಲ್ಲಿ ಮ್ಯೂಸಿಯಂಗೆ ಬಂತು. ವರ್ಮೀರನನ್ನು ಹತ್ತೊಂಬತ್ತನೆಯ ಶತಮಾನದವರೆಗೂ ಲೋಕ ಮರೆತೇಬಿಟ್ಟಿತ್ತು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಈ ಬೆಲೆಗಳ ಸಾಲನ್ನು ಓದಿದವರು ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಕನಿಷ್ಠ ಈ ಚಿತ್ರವನ್ನಾದರೂ ಬಲ್ಲವರು ಪ್ರತಿ ತಲೆಮಾರಿನಲ್ಲೂ ಇದ್ದರು, ಹೆಚ್ಚು ಹಣ ಕೊಟ್ಟು ಕೊಂಡರು. ಚಿತ್ರದ ಸೌಂದರ್ಯವನ್ನು ಎಷ್ಟು ಹೊತ್ತು ನೋಡಿದರೂ ಈ ತಿಳಿವಳಿಕೆ ಬರುವುದಿಲ್ಲ, ದಾಖಲೆಯನ್ನು ಓದಿದರೆ ಬರುತ್ತದೆ.

ಹಾಗೆಂದು ಚಿತ್ರದ ಗುಣಮಟ್ಟ ಅಮುಖ್ಯವೆಂದು ನಾನು ಹೇಳುತ್ತಿಲ್ಲ. ರೆಂಬ್ರಾಂಟನ 1642ರ ‘ನೈಟ್ ವಾಚ್’ ಚಿತ್ರವನ್ನು ರೈಕ್ಸ್‌ಮ್ಯೂಸಿಯಂ 2019ರಿಂದ ಗಾಜಿನ ಕೋಣೆಯೊಳಗಿಟ್ಟು ಸಾರ್ವಜನಿಕರ ಕಣ್ಣೆದುರೇ ಪರೀಕ್ಷಿಸತೊಡಗಿತು. 2022ರ ಜನವರಿಯಲ್ಲಿ ಆ ಅಧ್ಯಯನದ ಭಾಗವಾಗಿ 71,700 ಕೋಟಿ ಪಿಕ್ಸೆಲ್‌ಗಳ ಚಿತ್ರವನ್ನು ಬಿಡುಗಡೆ ಮಾಡಿತು. 8,439 ಬಿಡಿ ಛಾಯಾಚಿತ್ರಗಳನ್ನು ಹೊಲಿದು ಮಾಡಿದ ಈ ಚಿತ್ರದಲ್ಲಿ ಎರಡು ಪಿಕ್ಸೆಲ್‌ಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗ. ಹಿಗ್ಗಿಸುತ್ತ ಹೋದರೆ ಬಣ್ಣದ ಮೇಲ್ಮೈಯ ಬಿರುಕುಗಳು, ಬಿರುಕುಗಳ ಅಂಚಿನಲ್ಲಿ ಎದ್ದ ಚೂರುಗಳು, ಕೊನೆಗೆ ವರ್ಣದ್ರವ್ಯದ ಕಣಗಳೇ ಕಾಣತೊಡಗುತ್ತವೆ. ಸಂರಕ್ಷಣೆಯ ದೃಷ್ಟಿಯಿಂದ ಇದರ ಪ್ರಯೋಜನ ದೊಡ್ಡದು: ಮುಂದೊಂದು ದಿನ ಇದೇ ಮೇಲ್ಮೈಯನ್ನು ಮತ್ತೆ ತೆಗೆದು ಹೋಲಿಸಿದರೆ ಯಾವ ಬಿರುಕು ಬೆಳೆದಿದೆ, ಎಲ್ಲಿ ಬಣ್ಣ ಮಸುಕಾಗಿದೆ ಎಂಬುದನ್ನು ಊಹೆಯಿಲ್ಲದೆ ಹೇಳಬಹುದು. 1715ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪುರಭವನದ ಗೋಡೆಗೆ ಹೊಂದಿಸಲು ಈ ಚಿತ್ರದ ನಾಲ್ಕೂ ಅಂಚುಗಳನ್ನು ಕತ್ತರಿಸಿದರು ಎಂಬ ಸಂಗತಿಯನ್ನು ಎಂಥ ಪಿಕ್ಸೆಲ್ಲೂ ತಾನಾಗಿ ಹೇಳದು. ಅದಕ್ಕೆ ಮತ್ತೆ ಲಿಖಿತ ದಾಖಲೆಗೂ, ಕತ್ತರಿಸುವ ಮೊದಲು ಲುಂಡೆನ್ಸ್ ಎಂಬ ಕಲಾವಿದ ಮಾಡಿದ ಸಣ್ಣ ಪ್ರತಿಗೂ ಹೋಗಬೇಕು.

ಪರದೆಯ ಮೇಲೆ ನೋಡುವುದರಲ್ಲಿ ಇನ್ನೊಂದು ತೊಡಕಿದೆ. ಮೂರೂಮುಕ್ಕಾಲು ಮೀಟರಿಗೂ ಹೆಚ್ಚು ಎತ್ತರದ ‘ನೈಟ್ ವಾಚ್’ ಮತ್ತು ಅರ್ಧ ಮೀಟರೂ ಇಲ್ಲದ ವರ್ಮೀರನ ಸೇವಕಿ ಎರಡೂ ಒಂದೇ ಗಾತ್ರದ ಚೌಕದಲ್ಲಿ ಬಂದು ಕೂರುತ್ತವೆ. ಒಂದು ಸಭಾಂಗಣವನ್ನು ತುಂಬಲು ಬರೆದದ್ದು, ಇನ್ನೊಂದು ಮನೆಯ ಕೋಣೆಯಲ್ಲಿ ಹತ್ತಿರ ನಿಂತು ನೋಡಲು ಬರೆದದ್ದು ಎಂಬ ಮೂಲಭೂತ ವ್ಯತ್ಯಾಸ ಅಳಿಸಿಹೋಗುತ್ತದೆ. ವಿದ್ಯಾರ್ಥಿಗಳಿಗೆ ಈ ತಾಣಗಳನ್ನು ತೋರಿಸುವ ಅಧ್ಯಾಪಕರು ಮೊದಲು ಅಳತೆಯ ಸಾಲನ್ನು ಓದಿಸಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಆ ಗಾತ್ರವನ್ನು ಗುರುತಿಸಿ, ಆಮೇಲೆ ಚಿತ್ರವನ್ನು ತೆರೆಯುವುದು ಒಳ್ಳೆಯದು.

ಬ್ರಿಟಿಷ್ ಮ್ಯೂಸಿಯಂನ ತಾಣ 2020ರ ಏಪ್ರಿಲ್‌ನಲ್ಲಿ ಹೊಸ ರೂಪ ಪಡೆಯಿತು. ಸುಮಾರು 45 ಲಕ್ಷ ವಸ್ತುಗಳ ದಾಖಲೆ, 19 ಲಕ್ಷ ಚಿತ್ರಗಳು ಆಗ ಅಲ್ಲಿದ್ದವು. ಗಾತ್ರದಲ್ಲಿ ಇದಕ್ಕೆ ಸಾಟಿಯಾದವು ಕಡಿಮೆ. ಇಲ್ಲಿ ನನಗೆ ಮೆಚ್ಚುಗೆಯಾಗುವುದು ಎರಡು ಅಂಶ. ಮೊದಲನೆಯದು ನೋಂದಣಿ ಸಂಖ್ಯೆಯ ಕ್ರಮ: ಅಮರಾವತಿಯ ಸ್ತೂಪದ ಶಿಲಾಫಲಕಗಳ ಸಂಖ್ಯೆ ‘1880,0709’ ಎಂದು ಆರಂಭವಾಗುತ್ತದೆ, ಅಂದರೆ 1880ರ ಜುಲೈ 9ರ ನೋಂದಣಿ, ಲಾರ್ಡ್ ಎಲ್ಗಿನ್‌ನಿಂದ ಕೊಂಡ, ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳದು ‘1816,0610’. ಒಂದೇ ದಿನ ಒಂದೇ ಮೂಲದಿಂದ ಏನೆಲ್ಲ ಬಂತೆಂಬುದನ್ನು ಸಂಖ್ಯೆಯಿಂದಲೇ ಹಿಂಬಾಲಿಸಿ, ಕೋಣೆ ಕೋಣೆಗೆ ಹಂಚಿಹೋದ ಒಂದು ಸಂಗ್ರಹವನ್ನು ಮತ್ತೆ ಒಟ್ಟುಗೂಡಿಸಿ ನೋಡಬಹುದು. ಎರಡನೆಯದು ಕ್ಯುರೇಟರುಗಳ ಟಿಪ್ಪಣಿ. ಹಳೆಯ ಮುದ್ರಿತ ಕ್ಯಾಟಲಾಗಿನ ಮಾತು, ಆಮೇಲಿನ ವಿದ್ವಾಂಸರ ಅಭಿಪ್ರಾಯ, ಎಲ್ಲಿ ಸಿಕ್ಕಿತೆಂಬ ಮಾಹಿತಿ ಇವೆಲ್ಲ ಒಟ್ಟಿಗಿರುವ ಪುಟಗಳು ಸಿಕ್ಕಾಗ ಅರ್ಧ ದಿನದ ಗ್ರಂಥಾಲಯದ ಕೆಲಸ ಉಳಿಯುತ್ತದೆ.

ಆದರೆ ಇದೇ ಮ್ಯೂಸಿಯಂ 2023ರ ಆಗಸ್ಟ್‌ನಲ್ಲಿ ಸುಮಾರು 2,000 ವಸ್ತುಗಳು ಕಳವಾಗಿವೆ, ಕಾಣೆಯಾಗಿವೆ ಅಥವಾ ಹಾನಿಗೊಂಡಿವೆ ಎಂದು ಒಪ್ಪಿಕೊಳ್ಳಬೇಕಾಯಿತು. ನಿರ್ದೇಶಕ ಹಾರ್ಟ್‌ವಿಗ್ ಫಿಷರ್ ಹುದ್ದೆ ತೊರೆದರು. ಹೋದವುಗಳಲ್ಲಿ ಬಹುಪಾಲು ಕೆತ್ತಿದ ರತ್ನಗಳು, ಒಡವೆಗಳು. ಅವುಗಳಲ್ಲಿ ಬಹಳಷ್ಟಕ್ಕೆ ಪೂರ್ಣ ದಾಖಲೆಯೇ ಇರಲಿಲ್ಲ. ಚಿತ್ರವೂ ವಿವರವೂ ಇಲ್ಲದ ವಸ್ತು ಮಾರುಕಟ್ಟೆಗೆ ಬಂದಾಗ ಅದು ನಮ್ಮದೆಂದು ಸಾಧಿಸುವುದು ಹೇಗೆ? ಅದೇ ವರ್ಷದ ಅಕ್ಟೋಬರ್‌ನಲ್ಲಿ ಮ್ಯೂಸಿಯಂ 24 ಲಕ್ಷ ದಾಖಲೆಗಳನ್ನು ಹೊಸದಾಗಿ ಸೇರಿಸಿ ಅಥವಾ ಪರಿಷ್ಕರಿಸಿ ಐದು ವರ್ಷಗಳಲ್ಲಿ ಇಡೀ ಸಂಗ್ರಹವನ್ನು ಆನ್‌ಲೈನ್‌ಗೆ ತರುವ ಯೋಜನೆ ಪ್ರಕಟಿಸಿತು. ಕ್ಯಾಟಲಾಗ್ ಮಾಡುವುದನ್ನು ಪ್ರದರ್ಶನಗಳ ಗದ್ದಲ ಮುಗಿದ ಮೇಲೆ ಬಿಡುವಿದ್ದರೆ ಮಾಡುವ ಕೆಲಸವೆಂದು ಕಾಣುವ ಆಡಳಿತಗಾರರು ಎಲ್ಲೆಡೆ ಇದ್ದಾರೆ. ಅವರು ಓದಲೇಬೇಕಾದ ಪ್ರಕರಣ ಇದು.

ಪರವಾನಗಿಯ ವಿಷಯದಲ್ಲಿ ಬ್ರಿಟಿಷ್ ಮ್ಯೂಸಿಯಂ ಉಳಿದೆರಡಕ್ಕಿಂತ ಬಿಗಿ. ಚಿತ್ರಗಳನ್ನು ವಾಣಿಜ್ಯೇತರ ಬಳಕೆಗೆ ಮಾತ್ರ ಬಿಟ್ಟಿದೆ. ವಿದ್ವತ್ ಗ್ರಂಥವೊಂದು ಕೆಲವೇ ನೂರು ಪ್ರತಿ ಅಚ್ಚಾದರೂ ಅದನ್ನು ಮಾರುವುದರಿಂದ ವಾಣಿಜ್ಯ ಎನಿಸಿಕೊಳ್ಳಬಹುದು, ಲೇಖಕನೇ ಕೈಯಿಂದ ಶುಲ್ಕ ತುಂಬಬೇಕಾಗಬಹುದು. ಹಕ್ಕುಸ್ವಾಮ್ಯ ಮುಗಿದ ದೃಶ್ಯಕೃತಿಯ ಯಥಾವತ್ ಪ್ರತಿಗೆ ಹೊಸದಾಗಿ ಹಕ್ಕು ಹುಟ್ಟುವುದಿಲ್ಲ ಎಂದು ಐರೋಪ್ಯ ಒಕ್ಕೂಟ 2019ರ ನಿರ್ದೇಶನದ 14ನೆಯ ವಿಧಿಯಲ್ಲಿ ಸ್ಪಷ್ಟಪಡಿಸಿದೆ. ಎಲ್ಲ ಮ್ಯೂಸಿಯಂಗಳೂ ಆ ದಾರಿಗೆ ಬರಬೇಕೆಂಬುದೇ ನನ್ನ ಅಭಿಪ್ರಾಯ.

ಎಲ್ಲ ತಾಣಗಳಿಗೂ ಸಲ್ಲುವ ಒಂದು ದೂರು ಇದೆ. ಸಂಸ್ಥೆಯೊಂದು ತನ್ನ ತಾಣವನ್ನು ನವೀಕರಿಸಿದಾಗ ಹಳೆಯ ವಿಳಾಸಗಳನ್ನೆಲ್ಲ ಕೈಬಿಟ್ಟಿತು. ನನ್ನ ಪ್ರಕಟಿತ ಲೇಖನದ ಅಡಿಟಿಪ್ಪಣಿಗಳಲ್ಲಿ ಕೊಟ್ಟಿದ್ದ ಕೊಂಡಿಗಳು ಒಂದೂ ತೆರೆಯದಂತಾದವು, ಬರೆದು ಕೇಳಿದರೆ ಉತ್ತರ ಬರಲಿಲ್ಲ. ಮುದ್ರಿತ ಕ್ಯಾಟಲಾಗಿನ ಪುಟಸಂಖ್ಯೆ ನೂರು ವರ್ಷ ಕಳೆದರೂ ಬದಲಾಗದು. ಇದಕ್ಕಿಂತ ಗಂಭೀರವಾದದ್ದು, ದಾಖಲೆಯ ಮಾತೇ ಸದ್ದಿಲ್ಲದೆ ಬದಲಾಗುವುದು. ನೆನ್ನೆ ಒಬ್ಬ ಗುರುವಿನ ಹೆಸರಿನಲ್ಲಿದ್ದ ಚಿತ್ರ ಇಂದು ಅವನ ಕಾರ್ಯಾಗಾರದ ಹೆಸರಿಗೆ ಇಳಿದಿರಬಹುದು. ಬದಲಿಸಿದ್ದು ಸರಿಯೇ ಇರಬಹುದು, ಆದರೆ ಯಾರು, ಯಾವಾಗ, ಯಾವ ಆಧಾರದ ಮೇಲೆ ಬದಲಿಸಿದರೆಂಬ ಗುರುತು ನಾನು ಬಳಸುವ ತಾಣಗಳಲ್ಲಿ ಹೆಚ್ಚಿನವುಗಳಲ್ಲಿ ಸಿಗುವುದಿಲ್ಲ. ನೋಂದಣಿ ಸಂಖ್ಯೆಯನ್ನೂ ನೋಡಿದ ದಿನಾಂಕವನ್ನೂ ತಪ್ಪದೆ ಬರೆದಿಟ್ಟುಕೊಳ್ಳಿ, ಪುಟದ ಒಂದು ಪ್ರತಿಯನ್ನು ಉಳಿಸಿಕೊಳ್ಳಿ ಎಂಬುದೇ ಸದ್ಯಕ್ಕೆ ಕೊಡಬಹುದಾದ ಸಲಹೆ. ಬೇರೆ ಬೇರೆ ಮ್ಯೂಸಿಯಂಗಳ ಚಿತ್ರಗಳನ್ನು ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಲು ‘ಟ್ರಿಪಲ್ ಐ ಎಫ್’ ಎಂಬ ಸಮಾನ ವ್ಯವಸ್ಥೆಯೂ, ಹರಾಜು ಮತ್ತು ವ್ಯಾಪಾರಿಗಳ ಹಳೆಯ ದಾಖಲೆಗಳಿಗೆ ಗೆಟ್ಟಿ ಸಂಸ್ಥೆಯ ಒಡೆತನ ಸೂಚಿಯೂ ಇವೆ. ಎರಡನ್ನೂ ಕಲಿಯಲು ತೆಗೆದುಕೊಂಡ ಸಮಯ ವ್ಯರ್ಥವಾಗುವುದಿಲ್ಲ.

ನಾಲ್ಕರಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು 2022ರ ನವೆಂಬರ್‌ನಲ್ಲಿ ಆರಂಭವಾದ ‘ಡಿಜಿಟಲ್ ಬೆನಿನ್’. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ಇಂದಿನ ನೈಜೀರಿಯಾದಲ್ಲಿರುವ ಬೆನಿನ್ ರಾಜಧಾನಿಯ ಮೇಲೆ ದಾಳಿ ಮಾಡಿ ಅರಮನೆಯನ್ನು ಲೂಟಿ ಮಾಡಿತು. ಹಿತ್ತಾಳೆಯ ಫಲಕಗಳು, ದಂತದ ಕೆತ್ತನೆಗಳು, ರಾಜರ ಸ್ಮಾರಕ ಶಿರಗಳು ಸೈನಿಕರ, ವ್ಯಾಪಾರಿಗಳ, ಹರಾಜುಗಳ ಮೂಲಕ ಜಗತ್ತಿನಾದ್ಯಂತ ಚದುರಿದವು. ಈ ಯೋಜನೆ ಆರಂಭದಲ್ಲೇ 20 ದೇಶಗಳ 131 ಸಂಸ್ಥೆಗಳಲ್ಲಿರುವ 5,246 ವಸ್ತುಗಳನ್ನು ಒಂದೇ ಕಡೆ ಕಾಣುವಂತೆ ಮಾಡಿತು. ಒಂದು ಮ್ಯೂಸಿಯಂನ ತಾಣ ತನ್ನಲ್ಲಿರುವುದನ್ನು ಮಾತ್ರ ತೋರಿಸುತ್ತದೆ. ಇಲ್ಲಿ ಒಂದು ಅರಮನೆಯ ಒಡೆದುಹೋದ ಸಂಗ್ರಹವೇ ವಿಷಯ. ಒಡೆತನದ ವಿಭಾಗದಲ್ಲಿ ವ್ಯಕ್ತಿಯ ಹೆಸರಿನಿಂದ ಹುಡುಕಬಹುದು: ಬೆನಿನ್ ವಸ್ತುಗಳನ್ನು ಸಚಿತ್ರ ಪಟ್ಟಿಗಳ ಮೂಲಕ ಮಾರಿದ ಡಬ್ಲ್ಯು. ಡಿ. ವೆಬ್‌ಸ್ಟರ್‌ನಂಥ ವ್ಯಾಪಾರಿಯ ಹೆಸರಿನಿಂದ ಹೊರಟರೆ, ಒಬ್ಬನ ಕೈದಾಟಿದ ವಸ್ತುಗಳು ಯಾವ ಯಾವ ಊರುಗಳ ಮ್ಯೂಸಿಯಂಗಳಿಗೆ ಸೇರಿದವೆಂಬುದು ತೆರೆದುಕೊಳ್ಳುತ್ತದೆ.

ಇನ್ನೂ ಮುಖ್ಯವಾದದ್ದು, ಈ ತಾಣ ವಸ್ತುಗಳನ್ನು ಬೆನಿನ್ ಜನರ ಎಡೊ ಭಾಷೆಯ ಹೆಸರುಗಳಿಂದಲೇ ವರ್ಗೀಕರಿಸಿ, ಆ ಹೆಸರುಗಳ ಉಚ್ಚಾರವನ್ನು ಕೇಳಿಸುತ್ತದೆ. ಬೆನಿನ್ ನಗರದ ಹಿರಿಯರ, ಕುಶಲಕರ್ಮಿಗಳ ಮೌಖಿಕ ನೆನಪುಗಳನ್ನೂ ದಾಖಲೆಯ ಭಾಗವಾಗಿಸಿದೆ. ಯುರೋಪಿನ ನೋಂದಣಿ ಪುಸ್ತಕದಲ್ಲಿ ಬರೀ ಗಂಟೆ, ಬರೀ ಶಿರ ಎಂದಿದ್ದುದು ಯಾವ ಪೂಜಾಸ್ಥಳದಲ್ಲಿ, ಯಾವ ಸಂದರ್ಭದಲ್ಲಿ, ಯಾರ ನೆನಪಿಗಾಗಿ ಇರುತ್ತಿತ್ತೆಂಬುದನ್ನು ಅದನ್ನು ಬಲ್ಲವರ ಬಾಯಿಂದಲೇ ಕೇಳುವಂತಾಗಿದೆ. ಕೊರತೆಗಳಿಲ್ಲವೆಂದಲ್ಲ. ಸಂಸ್ಥೆಗಳು ಕಳಿಸಿದ ಮಾಹಿತಿಯೇ ಆಧಾರವಾದ್ದರಿಂದ ಕೆಲವು ಪುಟಗಳು ಸಮೃದ್ಧವಾಗಿವೆ, ಕೆಲವಕ್ಕೆ ಒಂದೆರಡು ಸಾಲು ಮಾತ್ರ ದಕ್ಕಿದೆ. ಚಿತ್ರಗಳ ಪರವಾನಗಿಯೂ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ.

ಚಿತ್ರಕಲೆಯ ವಿದ್ಯಾರ್ಥಿ ರೈಕ್ಸ್‌ಮ್ಯೂಸಿಯಂನಿಂದ ಆರಂಭಿಸಲಿ, ದತ್ತಾಂಶವನ್ನು ರಾಶಿಯಾಗಿ ಬಳಸುವವರು ಮೆಟ್‌ಗೆ ಹೋಗಲಿ, ಸಂಗ್ರಹಗಳ ಇತಿಹಾಸ ಬರೆಯುವವರಿಗೆ ಬ್ರಿಟಿಷ್ ಮ್ಯೂಸಿಯಂನ ಸಂಖ್ಯೆಗಳೂ ಟಿಪ್ಪಣಿಗಳೂ ಬೇಕೇ ಬೇಕು. ಮ್ಯೂಸಿಯಂ ನಡೆಸುವವರು ಯಾರಾದರೂ ತಮ್ಮ ಸಂಗ್ರಹವನ್ನು ಆನ್‌ಲೈನ್‌ಗೆ ತರುವ ಯೋಚನೆಯಲ್ಲಿದ್ದರೆ ಮೊದಲು ಡಿಜಿಟಲ್ ಬೆನಿನ್‌ನ ಒಡೆತನ ವಿಭಾಗವನ್ನು ಬಳಸಿ ನೋಡಲಿ. 2022ರ ಡಿಸೆಂಬರ್‌ನಲ್ಲಿ ಜರ್ಮನಿ 20 ಬೆನಿನ್ ವಸ್ತುಗಳನ್ನು ನೈಜೀರಿಯಾಕ್ಕೆ ಒಪ್ಪಿಸಿತು, ಆಮೇಲೂ ಬೇರೆ ದೇಶಗಳಿಂದ ವಸ್ತುಗಳು ಮರಳುತ್ತಿವೆ. ಹಾಗೆ ಮರಳಿದಾಗ ಕೊಟ್ಟ ಮ್ಯೂಸಿಯಂ ತನ್ನ ತಾಣದಿಂದ ಪುಟವನ್ನು ಅಳಿಸಬಾರದು. ವಸ್ತು ಬಂದ ದಿನ, ಹೋದ ದಿನ, ಈಗಿನ ಒಡೆಯರ ಹೆಸರು ಮೂರನ್ನೂ ಬರೆದು ಅದೇ ವಿಳಾಸದಲ್ಲಿ ಉಳಿಸಬೇಕು.